ಜೋಡಿ ಗಂಟೆ

ಡಿಪೋದ ಹಿಂಬದಿಯಲ್ಲಿ, ಸವೆದ ಟೈರುಗಳ ರಾಶಿಗೂ ಕಕ್ಕಸಿಗೂ ನಡುವಿನ ಕೋಣೆಯಲ್ಲಿ ಅಕ್ಕ ಕೂರುತ್ತಾಳೆ. ಬಾಗಿಲಿಗೆ ‘ಆಪ್ತ ಸಮಾಲೋಚಕಿ’ ಎಂಬ ಹಲಗೆಯಿದ್ದರೂ ಡ್ರೈವರುಗಳ ಬಾಯಲ್ಲಿ ಅದು ‘ಅಳೋ ರೂಮು’. ಅಪಘಾತವಾದ ಮೇಲೆ ಸ್ಟೇರಿಂಗ್ ಮುಟ್ಟಿದರೆ ನಡುಗುವವರನ್ನು ಅಲ್ಲಿಗೆ ಕಳಿಸುತ್ತಾರೆ. ಅವರ ಭಯದ ಗಂಟು ಬಿಡಿಸುವ ಅಕ್ಕ ಮಾತ್ರ ಮನೆಯಿಂದ ದಿನಾ ಐದು ಕಿಲೋಮೀಟರು ನಡೆದೇ ಬರುತ್ತಾಳೆ. ಕೇಳಿದವರಿಗೆ ಸಕ್ಕರೆ ಕಾಯಿಲೆಯ ನೆಪ ಹೇಳುತ್ತಾಳೆ. ಕಾಯಿಲೆ ನಿಜ, ಆದರೆ ಅದು ಇರುವುದು ಅವಳ ತಾಯಿಗೆ.

“ಬಸ್ ಹತ್ತೋಕೆ ಹೆದರೋಳು ಊರವರ ಹೆದರಿಕೆ ಬಿಡಿಸ್ತಾಳಂತೆ! ತನಗೇ ಜಾಗವಿಲ್ಲ, ಕೊರಳಲ್ಲಿ ಡೋಲು,” ಎಂದು ಆ ತಾಯಿ ಮಾತ್ರೆ ನುಂಗುತ್ತಲೇ ಹಂಗಿಸುತ್ತಾಳೆ.

ಅಕ್ಕ ಹಿಂದೆ ಇದೇ ಡಿಪೋದಲ್ಲಿ ಕಂಡಕ್ಟರ್ ಆಗಿದ್ದವಳು. ಗಂಟೆಯ ಹಗ್ಗ ಒಮ್ಮೆ ಎಳೆದರೆ ಬಸ್ಸು ನಿಲ್ಲಬೇಕು, ಜೋಡಿ ಗಂಟೆ ಹೊಡೆದರೆ ಹೊರಡಬೇಕು. ಹನ್ನೊಂದು ವರ್ಷ ಆ ಗಂಟೆಯನ್ನು ಆಕಳಿಸುತ್ತಲೂ ಹೊಡೆದಿದ್ದಳು, ಜಗಳವಾಡುತ್ತಲೂ ಹೊಡೆದಿದ್ದಳು. ಒಂದು ಮಧ್ಯಾಹ್ನ ಹೊಡೆದಾಗ ಒಬ್ಬ ಮುದುಕನ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು.

ವಿಚಾರಣೆಯವರು ತಪ್ಪಿಲ್ಲ ಎಂದರು. ಅವಳ ಬಲಗೈ ಒಪ್ಪಲಿಲ್ಲ, ಭುಜದಿಂದ ಮೇಲೆ ಏಳಲೇ ಇಲ್ಲ. ಮೂಳೆ ಡಾಕ್ಟರು ಮೂಳೆ ಗಟ್ಟಿಯಾಗಿದೆ ಎಂದು ಕೈತೊಳೆದುಕೊಂಡರು. ಕೊನೆಗೆ ಸಿಕ್ಕ ಒಬ್ಬ ಚಿಕಿತ್ಸಕಿ ಎಂಟು ತಿಂಗಳು ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ಹೇಳಿಸಿದಳು. ನಿದ್ದೆ ಮರಳಿ ಬಂತು. “ಇದನ್ನ ನೀನೂ ಕಲಿ. ಆದ್ರೆ ಬಸ್ಸು ಹತ್ತೋದು ಬಾಕಿ ಇದೆ, ಮರೀಬೇಡ,” ಎಂದಳು ಆಕೆ. ಅಕ್ಕ ನಲವತ್ತರ ವಯಸ್ಸಿನಲ್ಲಿ ಚಿಗುರುಮೀಸೆಗಳ ನಡುವೆ ಕೂತು ಪರೀಕ್ಷೆ ಬರೆದು ಪಾಸಾದಳು. ಬಾಕಿ ಹಾಗೇ ಉಳಿಯಿತು.

ಈಗ ಅವಳೆದುರು, ಬಾಯಿ ಬಿಡದ್ದಕ್ಕೆ ‘ಮೌನಿ’ ಎಂದೇ ಹೆಸರಾದ ಡ್ರೈವರ್ ಕೂತಿದ್ದ. ಅವನ ಬಸ್ಸಿನ ಚಕ್ರದಡಿ ಒಬ್ಬ ಸೈಕಲ್ ಸವಾರ ಸಿಕ್ಕಿ ಎರಡು ತಿಂಗಳಾಗಿತ್ತು. ಆರು ವಾರದಿಂದ ಪ್ರತಿ ಬುಧವಾರ ಬಂದು ನೆಲ ನೋಡಿಕೊಂಡು ಎದ್ದು ಹೋಗುತ್ತಿದ್ದ. ಇವತ್ತು ‘ಓಡಿಸಲು ಯೋಗ್ಯ’ ಎಂಬ ಕಾಗದಕ್ಕೆ ಸಹಿ ಬೀಳದಿದ್ದರೆ ನಾಳೆ ಅವನಿಗೆ ಕೆಲಸವಿಲ್ಲ.

ಡಿಪೋ ಮ್ಯಾನೇಜರು ಬಾಗಿಲಲ್ಲೇ ನಿಂತು ಕೇಳಿದ. “ಒಂದು ಸಹಿ ಅಕ್ಕಾ! ಅದಕ್ಕೇನು ಡೀಸೆಲ್ ಬೇಕಾ?”

ಅವಳಿಗೆ ಆ ಸಹಿ ಜೋಡಿ ಗಂಟೆಯಂತೆಯೇ ಕಂಡಿತು. ಪೆನ್ನು ಕೆಳಗಿಟ್ಟು, “ನಡಿಯಪ್ಪ, ಅಂಗಳದಲ್ಲೇ ಒಂದು ಸುತ್ತು ಓಡಿಸಿ ತೋರಿಸು,” ಎಂದಳು. ನೋಡಬೇಕಾದರೆ ತಾನೂ ಹತ್ತಬೇಕಲ್ಲ ಎಂಬುದು ಹೊಳೆದದ್ದು ಮಾತು ಬಾಯಿಂದ ಜಾರಿದ ಮೇಲೆ.

ಮೂರೇ ಮೆಟ್ಟಿಲು. ಕಣ್ಣು ಮುಚ್ಚಿ ಹತ್ತಿದಳು. ಖಾಲಿ ಬಸ್ಸು. ಮೌನಿ ಇಂಜಿನ್ ಶುರು ಮಾಡಿದ, ಸೀಟುಗಳೆಲ್ಲ ಗಡಗಡ ಎಂದವು. ಬಸ್ಸು ಮಾತ್ರ ಹೊರಡಲಿಲ್ಲ.

“ಅಕ್ಕಾ, ಬೆಲ್.”

“ಹಂಗೇ ಹೊರಡೋ ಮಾರಾಯ.”

“ಬೆಲ್ ಇಲ್ದೆ ಹೊರಟು ಅಭ್ಯಾಸ ಇಲ್ಲ.”

ಅವಳ ಕೈ ಭುಜದವರೆಗೆ ಎದ್ದು ನಿಂತಿತು. “ಮೆಟ್ಟಿಲ ಮೇಲೆ ಯಾರಾದ್ರೂ ಇದಾರಾ, ನೋಡು.”

ಅವನು ಎದ್ದು ಬಂದು ನೋಡಿದ. “ಯಾರೂ ಇಲ್ಲ.”

“ಇನ್ನೊಂದ್ಸಲ ನೋಡು.”

ನೋಡಿದ. ಮೂರನೇ ಸಲ ಕೇಳಿದಾಗ ಮೆಟ್ಟಿಲು ಬಿಟ್ಟು ಅವಳ ಮುಖ ನೋಡಿದ. ಹೋಗಿ ಇಂಜಿನ್ ಆರಿಸಿ, ಬಂದು ಎದುರು ಸೀಟಲ್ಲಿ ಕೂತ. “ಯಾರಕ್ಕಾ ಅದು?”

ಆರು ವಾರದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ.

“ಒಬ್ಬ ಮುದುಕ. ಕೈಯಲ್ಲಿ ಕನ್ನಡಕದ ಡಬ್ಬಿ ಇತ್ತು.”

ಮೌನಿ ಮೆಟ್ಟಿಲತ್ತ ನೋಡುತ್ತ ಹೇಳಿದ. “ನನ್ನವನು ಸೈಕಲ್ ಬೆಲ್ ಹೊಡೀತಾನೇ ಇದ್ದ ಅಕ್ಕಾ. ಈಗ್ಲೂ ಹೊಡೀತಿದಾನೆ.”

ಮ್ಯಾನೇಜರು ಕಿಟಕಿ ಬಡಿದ. “ಏನು ಅಕ್ಕಾ, ಫಿಟ್ಟಾ?”

“ಇಲ್ಲ,” ಎಂದಳು. ಮೌನಿ ತಲೆಯಾಡಿಸಿದ. ಅವನ ಮನೆಯಲ್ಲಿ ದುಡಿಯುವ ಕೈ ಅವನದೊಂದೇ ಎಂದು ಇಬ್ಬರಿಗೂ ಗೊತ್ತಿತ್ತು.

“ಕೆಲಸ ಹೋದ್ರೂ ಮುಂದಿನ ಬುಧವಾರ ಬರಬಹುದಾ?” ಎಂದು ಮೌನಿ ಕೇಳಿದ.

“ಬಾ.”

ಇಳಿಯುವಾಗ ಕೊನೆಯ ಮೆಟ್ಟಿಲಲ್ಲಿ ಅವಳ ಕಾಲು ಕಚ್ಚಿಕೊಂಡಿತು. “ಬೇಗ ಇಳೀರಿ, ಗಾಡಿ ಟ್ರಿಪ್‌ಗೆ ಹೋಗ್ಬೇಕು,” ಎಂದ ಮ್ಯಾನೇಜರು. ಮೌನಿ ಬಾಗಿಲಿಗೆ ಅಡ್ಡ ನಿಂತ. ಅವಳ ಎರಡೂ ಪಾದ ನೆಲ ಮುಟ್ಟುವವರೆಗೆ ಅಲ್ಲಿಂದ ಕಣ್ಣು ತೆಗೆಯಲಿಲ್ಲ.