ಐದನೆಯವಳು

ಬಿ.ಎ.ಯಲ್ಲಿ ಸಂಗೀತವನ್ನು ಮೇಜರ್ ಆಗಿ ಓದುವವರು ಐದು ಜನ ಇರಲೇಬೇಕು, ಒಬ್ಬರು ಕಡಿಮೆಯಾದರೂ ಆ ವಿಷಯವನ್ನೇ ಮುಚ್ಚುತ್ತೇವೆ ಎಂದು ಮಂಡ್ಯದ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಅಡ್ಮಿಷನ್ ಶುರುವಾದ ಮೊದಲ ವಾರದಲ್ಲೇ ಹೇಳಿಬಿಟ್ಟರು. ಆಗ ನಾವಿದ್ದದ್ದು ನಾಲ್ಕು ಜನ. ಐದನೆಯವಳನ್ನು ಹಿಡಿದು ತಂದವಳು ನಾನು. ಸಂತೆಯಲ್ಲಿ ಕುರಿ ಹಿಡಿದು ತರುತ್ತಾರಲ್ಲ, ಹಾಗೆ.

ನನಗೆ ಅಷ್ಟೊಂದು ಆತುರ ಯಾಕಿತ್ತು ಎಂದರೆ, ನಮ್ಮಪ್ಪ ಒಂದು ಷರತ್ತು ಹಾಕಿದ್ದರು. ನಮ್ಮೂರು ಮದ್ದೂರಿನ ಹತ್ತಿರದ ಕೊಪ್ಪ. ಗದ್ದೆ, ಕಬ್ಬು, ನಾಲ್ಕು ಹಸು. ನಮ್ಮ ಮನೆತನದಲ್ಲಿ ಸಂಗೀತ ಓದುವುದಿರಲಿ, ಮದುವೆ ಮನೆಯಲ್ಲಿ ಬಾಯಿಬಿಟ್ಟು ಹಾಡಿದವರೂ ಕಡಿಮೆ. ನಾನು ಮಾತ್ರ ಐದನೇ ಕ್ಲಾಸಿನಿಂದ ಮದ್ದೂರಿನ ಒಬ್ಬ ಟೀಚರ್ ಬಳಿ ಹೋಗಿ ಕಲಿತಿದ್ದೆ. ನನ್ನ ಕಂಠ ಚೆನ್ನಾಗಿತ್ತು, ಅದು ನನಗೂ ಗೊತ್ತಿತ್ತು. ಗೊತ್ತಿದ್ದದ್ದು ಸ್ವಲ್ಪ ಹೆಚ್ಚೇ.

"ಓದು, ಬ್ಯಾಡ ಅನ್ನಕಿಲ್ಲ ಕಣವ್ವ," ಎಂದಿದ್ದರು ಅಪ್ಪ. "ಆದ್ರೆ ಆ ಸಂಗೀತ ಗಿಂಗೀತ ಅಲ್ಲಿ ನಡೀನಿಲ್ಲ ಅಂದ್ರೆ ಸುಮ್ಕೆ ಮದ್ದೂರ್ಗೆ ಬಂದು ಬಿಕಾಂ ಸೇರ್ಕಬೇಕು. ಆಮ್ಯಾಕೆ ಅತ್ಕಂಡು ಕೂರಂಗಿಲ್ಲ."

ಬಿ.ಕಾಂ. ಎಂದರೆ ನನಗೆ ಜೀವವೇ ಹೋದಂತಾಗುತ್ತಿತ್ತು. ಅಡ್ಮಿಷನ್ ಸಾಲಿನಲ್ಲಿ ಇತಿಹಾಸಕ್ಕೆ ಅರ್ಜಿ ಹಿಡಿದು ನಿಂತಿದ್ದ ಒಬ್ಬ ಹುಡುಗಿಯನ್ನು ಮಾತಾಡಿಸಿದೆ. ಮಳವಳ್ಳಿ ಕಡೆಯವಳು. ಎರಡು ಜಡೆ, ಅಣ್ಣನ ಹಳೆಯ ವಾಚು, ಯಾರು ಏನು ಹೇಳಿದರೂ ನಂಬುವ ಮುಖ. ಹಾಡೋಕೆ ಬರುತ್ತಾ ಎಂದು ಕೇಳಿದೆ. "ಬಚ್ಚಲು ಮನೇಲಿ ಆಡ್ಕತೀನಿ ಕಣಮ್ಮಿ," ಎಂದು ನಕ್ಕಳು. ಒಂದು ಸಾಲು ಹಾಡು ಎಂದೆ. ಹಾಡಿದಳು. ಅವಳ ದನಿ ಷಡ್ಜದ ಸುತ್ತಮುತ್ತ ಸುಳಿದಾಡಿತೇ ಹೊರತು ಅದರ ಮೇಲೆ ಒಂದು ಸಲವೂ ಕೂರಲಿಲ್ಲ. ಶ್ರುತಿ ಎಂಬುದು ಆ ಗಂಟಲಿಗೆ ಗೊತ್ತೇ ಇರಲಿಲ್ಲ.

"ಅಯ್ಯೋ, ಇಂಥಾ ಗಂಟ್ಲು ಇಟ್ಕಂಡು ಇಸ್ಟ್ರಿ ಓದ್ತೀಯಾ?" ಎಂದೆ. "ಬಾರೀ ಚೆಂದಾಗೈತೆ ಕಣೆ."

ಅವಳು ಅರ್ಜಿಯಲ್ಲಿ ಇತಿಹಾಸ ಹೊಡೆದುಹಾಕಿ ಸಂಗೀತ ಎಂದು ಬರೆದಳು. ಪೆನ್ನು ಕೊಟ್ಟವಳೂ ನಾನೇ.

ನಮ್ಮ ಮೇಡಂಗೆ ಮೊದಲ ತರಗತಿಯಲ್ಲಿ ಐದೇ ನಿಮಿಷದಲ್ಲಿ ತಿಳಿದುಹೋಯಿತು. ಅವರು ಅತಿಥಿ ಉಪನ್ಯಾಸಕಿ. ವಿಷಯ ಮುಚ್ಚಿದರೆ ಅವರ ಕೆಲಸಕ್ಕೂ ಬೀಗ. ಅವಳು ಸರಿಗಮದ ಸರಳೆ ಹಾಡಿ ಮುಗಿಸಿದಾಗ ಮೇಡಂ ನನ್ನ ಮುಖ ನೋಡಿದರು, ನಾನು ಶ್ರುತಿಪೆಟ್ಟಿಗೆ ನೋಡಿದೆ. "ಕಂಠ ಇನ್ನೂ ಪಳಗಬೇಕು, ಅಷ್ಟೇ ಕಣಮ್ಮ," ಎಂದರು ಅವಳಿಗೆ. ಅಲ್ಲಿಗೆ ಮೇಡಂಗೂ ನನಗೂ ಒಂದು ಮಾತೂ ಆಡದೆ ಒಪ್ಪಂದವಾಯಿತು.

ಅವಳು ಎಂದೂ ಒಂಟಿಯಾಗಿ ಹಾಡಬಾರದು, ಇಷ್ಟೇ ಉಪಾಯ. ಒಟ್ಟಾಗಿ ಹಾಡುವುದು ನಮ್ಮ ವಿಭಾಗದ ಪದ್ಧತಿ ಎಂದು ಮೇಡಂ ಸಾರಿದರು. ನಾನು ಅವಳ ಎಡಕ್ಕೆ, ಇನ್ನೊಬ್ಬಳು ಬಲಕ್ಕೆ. ನಮ್ಮಿಬ್ಬರ ದನಿಯ ನಡುವೆ ಅವಳದು ಮುಚ್ಚಿಹೋಗುತ್ತಿತ್ತು. ನಮ್ಮ ದನಿಯನ್ನು ಅವಳು ತನ್ನದೇ ಎಂದುಕೊಳ್ಳುತ್ತಿದ್ದಳು. ಪರೀಕ್ಷೆಗೆ ಹೊರಗಿನಿಂದ ಬಂದವರ ಮುಂದೆ ಮೇಡಂ, "ಪಾಪ, ನೆಗಡಿಯಾಗಿದೆ, ಗೆಳತಿ ಜೊತೆಗೆ ದನಿಗೂಡಿಸ್ತಾಳೆ," ಎನ್ನುತ್ತಿದ್ದರು. ಪ್ರತಿ ಪರೀಕ್ಷೆಗೂ ಅವಳಿಗೆ ನೆಗಡಿ. ಹಿಂದಿನಿಂದ ನಾವು ನಾಲ್ವರು ಅವಳಿಗೆ ಪಂಪ್‌ಸೆಟ್ ಕರೆಂಟು ಎಂದು ಹೆಸರಿಟ್ಟಿದ್ದೆವು. ಸ್ವರ ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ದೇವರಿಗೇ ಗೊತ್ತು ಎಂದು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈಗ ನೆನೆದರೂ ಸ್ವಲ್ಪ ನಗು ಬರುತ್ತದೆ, ಸುಳ್ಳೇಕೆ ಹೇಳಲಿ.

ನಾವಿಬ್ಬರೂ ಮದ್ದೂರಿನವರೆಗೆ ಒಂದೇ ಬಸ್ಸು. ಅಲ್ಲಿಂದ ಅವಳು ಮಳವಳ್ಳಿ ಬಸ್ಸು ಹಿಡಿಯಬೇಕು, ನಾನು ಕೊಪ್ಪದ್ದು. ಮಂಡ್ಯ ಬಿಟ್ಟೊಡನೆ ಅವಳು ಕೇಳುತ್ತಿದ್ದಳು:

"ಇವತ್ತು ಎಂಗಿತ್ತಮ್ಮಿ ನಂದು?"

"ನೆನ್ನೆಗಿಂತ ವಾಸಿ ಕಣೆ."

ದಿನಾ ಅದೇ ಪ್ರಶ್ನೆ, ದಿನಾ ಅದೇ ಉತ್ತರ. ಮೂಗಿಗೆ ತುಪ್ಪ ಸವರುವುದರಲ್ಲಿ ನಾನು ಎಷ್ಟು ಪಳಗಿಹೋಗಿದ್ದೆನೆಂದರೆ, ಕಿಟಕಿಯಾಚೆ ನೋಡುತ್ತಲೇ ಹೇಳಿಬಿಡುತ್ತಿದ್ದೆ. ಅವಳು ಖುಷಿಯಾಗಿ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಾಡಿಸುತ್ತ ಆ ದಿನದ ಪಾಠ ನೆನೆಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಬೆಳಗ್ಗೆ ಐದಕ್ಕೆದ್ದು ಸಾಧನೆ ಮಾಡುತ್ತಾಳೆಂದೂ, ಅವರವ್ವ ಹಾಲು ಕರೆಯುವುದನ್ನು ನಿಲ್ಲಿಸಿ ಕೇಳುತ್ತಾಳೆಂದೂ ಹೇಳಿದ್ದಳು.

ಅವಳಲ್ಲಿ ಒಂದು ವಿಷಯ ಮಾತ್ರ ನಮ್ಮೆಲ್ಲರಿಗಿಂತ ಮೇಲಿತ್ತು. ತಾಳ. ಎಂಥ ವಕ್ರ ತಾಳವಾದರೂ ಅವಳ ಕೈ ತಪ್ಪುತ್ತಿರಲಿಲ್ಲ. ನಾವು ಎಲ್ಲಿ ಓಡಿದರೂ ಎಲ್ಲಿ ಎಳೆದರೂ ಅವಳ ಅಂಗೈ ತನ್ನ ಪಾಡಿಗೆ ತೊಡೆಯ ಮೇಲೆ ಬೀಳುತ್ತಿತ್ತು. ನಮಗೆ ಅದು ಅನುಕೂಲವಾಯಿತು. "ನೀನು ತಾಳ ಹಾಕು, ಮೆಲ್ಲಗೆ ಹಾಡು," ಎಂದು ಹೇಳಿ ಅವಳ ಗಂಟಲನ್ನು ಇನ್ನಷ್ಟು ಅಡಗಿಸಿದೆವು.

ಮೊದಲ ವರ್ಷದ ಪರೀಕ್ಷೆಗೆ ಮೈಸೂರಿನಿಂದ ಒಬ್ಬ ಮೃದಂಗ ವಿದ್ವಾಂಸರು ಪಕ್ಕವಾದ್ಯಕ್ಕೆ ಬಂದಿದ್ದರು. ವಯಸ್ಸಾದವರು, ಮಾತು ಕಡಿಮೆ. ನಾನು ವರ್ಣ ಹಾಡುವಾಗ ವೇಗ ಇಮ್ಮಡಿಯಾಗುವ ಎರಡನೇ ಕಾಲದಲ್ಲಿ ತಪ್ಪಿದೆ. ಒಂದು ಕ್ಷಣ ಅವರ ಕೈಯೂ ತಡವರಿಸಿತು. ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದ ಅವಳ ಕೈ ಮಾತ್ರ ಅಲುಗಲಿಲ್ಲ. ಅದನ್ನೇ ಹಿಡಿದುಕೊಂಡು ನಾನೂ ವಿದ್ವಾಂಸರೂ ದಡ ಸೇರಿದೆವು.

ಪರೀಕ್ಷೆ ಮುಗಿದೊಡನೆ ಅವಳು ಬಸ್ಸಿಗೆ ಓಡಿದಳು. ವಿದ್ವಾಂಸರು ನನ್ನನ್ನು ಜಗುಲಿಗೆ ಕರೆದರು.

"ಆ ಹುಡುಗಿಗೆ ಹಾಡು ಬರೋದಿಲ್ಲ. ನಿಮಗೆಲ್ಲ ಗೊತ್ತು, ಅಲ್ವಾ?"

ನಾನು ಚಪ್ಪಲಿ ನೋಡುತ್ತ ನಿಂತೆ.

"ಲಯ ಮಾತ್ರ ಹುಟ್ಟಿನಿಂದ ಬಂದಿದೆ. ನಲವತ್ತು ವರ್ಷ ಪಾಠ ಹೇಳಿದ್ದೀನಿ, ಇಂಥ ಕೈ ಒಂದೋ ಎರಡೋ ನೋಡಿರಬಹುದು. ಮೈಸೂರಿಗೆ ಬಂದು ಮೃದಂಗವನ್ನೇ ಮೇಜರ್ ತಗೊಳ್ಳಲಿ. ಈ ಜೂನ್‌ಗೇ ಬರಲಿ. ನಾನೇ ನಿಂತು ಸೇರಿಸ್ತೀನಿ, ಮನೆಯಲ್ಲೂ ಪಾಠ ಹೇಳ್ತೀನಿ. ಅವಳಿಗೆ ತಿಳಿಸ್ತೀಯಾ?"

ತಿಳಿಸುತ್ತೇನೆ ಎಂದೆ. ಅವರ ನಂಬರು ನನ್ನ ಫೋನಿನಲ್ಲಿ, ನನ್ನದು ಅವರ ಫೋನಿನಲ್ಲಿ ಸೇರಿತು.

ಮಾರನೆಯ ದಿನ ಹೇಳೋಣವೆಂದುಕೊಂಡೆ. ಹೇಳಲಿಲ್ಲ. ಅವಳು ಹೋದರೆ ನಾವು ನಾಲ್ವರು. ಇನ್ನೂ ಎರಡು ವರ್ಷ ಬಾಕಿ. ಬೇರೆ ಐದನೆಯವಳನ್ನು ನಡುವೆ ಎಲ್ಲಿಂದ ತರಲಿ? ಮದ್ದೂರಿನ ಬಿ.ಕಾಂ. ತರಗತಿ ಕಣ್ಣ ಮುಂದೆ ಬಂತು. ಒಂದು ವಾರದ ಮೇಲೆ ಅವರೇ ಫೋನ್ ಮಾಡಿದರು.

"ಏನಂದಳಮ್ಮ ಹುಡುಗಿ?"

ಮೊದಲೇ ಯೋಚಿಸಿಟ್ಟುಕೊಂಡ ಸುಳ್ಳಲ್ಲ ಅದು. ಬಾಯಿಗೆ ತಾನಾಗಿ ಬಂತು. "ಅವರ ಮನೇಲಿ ಒಪ್ಪಲ್ಲ ಸಾರ್. ಚರ್ಮದ ವಾದ್ಯ ಅಂತ. ಮುಟ್ಟಲ್ವಂತೆ."

"ಅವಳೇ ಹಾಗಂದ್ಲಾ?"

"ಹೂಂ ಸಾರ್."

"ಸರಿಯಮ್ಮ," ಎಂದು ಇಟ್ಟುಬಿಟ್ಟರು.

ಬದುಕಿಡೀ ಆ ಚರ್ಮವನ್ನೇ ತೊಡೆಯ ಮೇಲಿಟ್ಟುಕೊಂಡು ಕೂತ ಮನುಷ್ಯನಿಗೆ ಹೇಳಬಾರದ ಮಾತದು. ಅದಕ್ಕೇ ಅದು ಕೆಲಸ ಮಾಡಿತು. ಚರ್ಮದ ವಾದ್ಯ ಹೊಸಿಲು ದಾಟಿ ಒಳಗೆ ಬರಕೂಡದು, ಅದನ್ನು ಬಾರಿಸುವವರು ಬೇರೆ, ನಾವು ಬೇರೆ ಎಂದು ನಾನು ಚಿಕ್ಕಂದಿನಿಂದ ಕೇಳಿದ್ದು ನಮ್ಮ ಮನೆಯಲ್ಲಿ. ಅವಳ ಮನೆಯಲ್ಲಿ ಅಂಥ ಮಾತನ್ನು ಯಾರೂ ಆಡಿದ್ದು ನಾನು ಕೇಳಿಲ್ಲ. ನಮ್ಮ ಮನೆಯ ಕೊಳಕನ್ನು ತೆಗೆದು ಅವಳ ತಲೆಗೆ ಕಟ್ಟಿದ್ದೆ. ಮಾರನೆಯ ದಿನ ಬಸ್ಸಿನಲ್ಲಿ ಅವಳು ಎಂದಿನಂತೆ ಕೇಳಿದಳು, ನಾನು ಎಂದಿನಂತೆ ಹೇಳಿದೆ.

ಹೀಗೆ ಮೂರು ವರ್ಷ ಮುಗಿದು ಐದೂ ಜನಕ್ಕೆ ಡಿಗ್ರಿ ಬಂತು. ಮಂಡ್ಯದ ಒಂದು ಖಾಸಗಿ ಶಾಲೆಯವರು ಸಂಗೀತ ಟೀಚರ್ ಬೇಕೆಂದು ಕರೆದರು. ನಾವಿಬ್ಬರೂ ಹೋದೆವು. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಂದಿದ್ದಳು. ಅವಳ ಹೆಸರು ಮೊದಲು ಕೂಗಿದರು. ಒಳಗೆ ಹೋಗುವಾಗ ಅಭ್ಯಾಸಬಲದಿಂದ ನನ್ನತ್ತ ತಿರುಗಿದಳು, ನಾನೂ ಬರುತ್ತೇನೇನೋ ಎಂಬಂತೆ. ಬಾಗಿಲು ಮುಚ್ಚಿತು.

ಕಾರಿಡಾರಿನಲ್ಲಿ ಕೂತಿದ್ದವರಿಗೆಲ್ಲ ಕೇಳಿಸಿತು. ಆ ಮೊದಲ ತರಗತಿಯಾದ ಮೇಲೆ ಇದೇ ಮೊದಲ ಸಲ ಅವಳು ಬೇರೆಯವರ ಮುಂದೆ ಒಬ್ಬಳೇ ಹಾಡಿದಳು. ಎರಡು ಸಾಲು ದಾಟಿರಲಿಲ್ಲ, ಒಳಗೆ ಯಾರೋ ನಕ್ಕರು. ಇನ್ನೊಬ್ಬರು "ಸಾಕು ಸಾಕಮ್ಮ" ಎಂದರು. ಆಮೇಲೆ ಮುಖ್ಯೋಪಾಧ್ಯಾಯಿನಿಯ ದನಿ: "ನಿಜವಾಗ್ಲೂ ಸಂಗೀತಾನೇ ಓದಿದ್ದಾ? ಯಾರೂ ನಿಂಗೆ ಹೇಳಲಿಲ್ವಾ?" ಅವಳು ಹೊರಗೆ ಬಂದು ನನ್ನ ಪಕ್ಕ ಕೂತಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು. ನಾನು ಒಳಗೆ ಹೋಗಿ ಚೆನ್ನಾಗಿ ಹಾಡಿದೆ. ಅವಳ ನಂತರ ಹಾಡಿದ್ದರಿಂದ ಇನ್ನೂ ಚೆನ್ನಾಗಿ ಕೇಳಿಸಿರಬೇಕು. ಸೋಮವಾರದಿಂದ ಬನ್ನಿ ಎಂದರು.

ಬಸ್ಸಿನಲ್ಲಿ ಅವಳು ಅಂಕಪಟ್ಟಿಯ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ ಕೇಳಿದಳು:

"ಸ್ರುತಿ ಸೇರಕಿಲ್ಲ ಅಂದ್ರು ಕಣಮ್ಮಿ. ಅವ್ರಿಗೆ ಗೊತ್ತಾಗ್ನಿಲ್ವೇನೋ. ನಿನ್ ಕಿವಿ ವಳ್ಳೇದು, ನೀನೇಳು. ಸೇರ್ತದಾ, ಇಲ್ವಾ?"

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಡಿಗ್ರಿ ಬಂದಿತ್ತು, ಕೆಲಸ ಸಿಕ್ಕಿತ್ತು, ಐದನೆಯವಳು ನನಗೆ ಬೇಕಾಗಿರಲಿಲ್ಲ.

"ಇಲ್ಲ," ಎಂದೆ. "ಮೊದಲ ದಿನದಿಂದಲೂ ಇಲ್ಲ."

ಹೇಳಿದ ಮೇಲೆ ಎಷ್ಟು ಹಗುರವಾಯಿತೆಂದರೆ, ಅಲ್ಲಿಗೆ ನಿಲ್ಲಿಸಲಾಗಲಿಲ್ಲ. ಮೃದಂಗದವರು ಕರೆದಿದ್ದು, ನಾನು ತಿಳಿಸದೆ ಉಳಿದದ್ದು, ಎಲ್ಲ ಹೇಳಿದೆ. ಅವಳಿಗಾಗಿ ಅಲ್ಲ, ನನ್ನ ಹೊಟ್ಟೆಯ ಭಾರ ಇಳಿಯಲೆಂದು. ಚರ್ಮದ ಮಾತನ್ನು ಮಾತ್ರ ನುಂಗಿಕೊಂಡೆ. ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಅರಳಿತು.

"ನನ್ ಕೈ ಅಂತದು ಅಂದ್ರಾ ಆವಯ್ಯ? ಅಂಗೇ ಅಂದ್ರಾ?"

"ಹೂಂ."

"ಈಗ್ಲೂ ಸೇರಿಸ್ಕತಾರೇನೋ. ಎಲ್ಡೇ ವರ್ಸ ತಾನೇ ಆಗಿರದು? ಫೋನ್ ಮಾಡ್ಕೊಡಮ್ಮಿ."

ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು, ನನ್ನ ಫೋನಿನಿಂದಲೇ ಒತ್ತಿಕೊಟ್ಟೆ. ಎತ್ತದಿರಲಿ ಎಂದು ಬೇಡಿಕೊಂಡೆ. ಎತ್ತಿದರು. ಗದ್ದಲಕ್ಕೆ ಕೇಳಿಸಲೆಂದು ಅವಳು ಸ್ಪೀಕರ್ ಹಾಕಿದಳು.

"ಸಾರ್, ನಾನು ಮಂಡ್ಯ ಕಾಲೇಜಲ್ಲಿ ತಾಳ ಹಾಕ್ತಿದ್ದ ಹುಡ್ಗಿ ಸಾರ್. ನಂಗೆ ಈಗ್ಲೇ ಗೊತ್ತಾಗಿದ್ದು. ಕಲೀಬೇಕು ಸಾರ್."

"ಓಹೋ, ಚರ್ಮ ಮುಟ್ಟದ ಮನೆಯ ಹುಡುಗಿ," ಎಂದರು ಅವರು. "ಏನು, ಈಗ ಮಡಿ ಬಿಟ್ಟಿರಾ?"

"ಯಾವ ಚರ್ಮ ಸಾರ್?"

"ನೀನೇ ಹೇಳಿ ಕಳಿಸಿದ್ದಲ್ಲಮ್ಮ? ನಿನ್ನ ಸ್ನೇಹಿತೆಯನ್ನು ಕೇಳು. ಮುಟ್ಟಿ ಕೈ ತೊಳೆದುಕೊಳ್ಳೋರಿಗೆ ನಾನು ಪಾಠ ಹೇಳೋದಿಲ್ಲ."

ಫೋನು ನನ್ನ ಮೂಗಿನ ಕೆಳಗೇ ಇತ್ತು. ಸಾರ್, ಅದು ನನ್ನ ಮಾತು ಎಂದು ಒಂದು ಸಲ ಬಾಯಿಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಅವರು ಇಟ್ಟುಬಿಟ್ಟರು. ಅವಳು ಮತ್ತೆ ಎರಡು ಸಲ ಒತ್ತಿದಳು, ಅವರು ಎತ್ತಲಿಲ್ಲ.

"ಅಂಗಂದ್ಯೇನಮ್ಮಿ?" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.

ಮಳವಳ್ಳಿ ಬಸ್ಸು ಬಂದು ನಿಂತಿತ್ತು. ಅವಳು ಫೋನನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು. "ನಿನ್ ಮೇಜರ್ ಉಳ್ಕತಲ್ಲ, ಬುಡು," ಎಂದು ಹೇಳಿ ಹತ್ತಿ ಹೋದಳು.

ಈಗ ಅವಳು ಮಳವಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆಂದು ಕೇಳಿದ್ದೇನೆ. ನಾನು ಅದೇ ಶಾಲೆಯಲ್ಲಿದ್ದೇನೆ. ವಿದ್ವಾಂಸರು ವರ್ಷಕ್ಕೊಮ್ಮೆ ನಮ್ಮ ಮಕ್ಕಳ ಕಾರ್ಯಕ್ರಮಕ್ಕೆ ನುಡಿಸಲು ಬರುತ್ತಾರೆ, ನನ್ನ ಹಾಡಿಕೆಯನ್ನು ಮೆಚ್ಚುತ್ತಾರೆ, ಮಗಳೇ ಎಂದು ಕರೆಯುತ್ತಾರೆ. ಅವರಿಗೆ ಇನ್ನೂ ಹೇಳಿಲ್ಲ.