ಎರಡು ತೂತಿನ ಬಗರಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ತುಂಬ ಆಟಿಕೆಗಳಿದ್ದವು, ಜೊತೆಗೆ ಆಡಲು ಮಾತ್ರ ಒಬ್ಬನೂ ಇರಲಿಲ್ಲ. ನಗಬೇಡಿ ಮಕ್ಕಳೇ, ಖರೆ ಹೇಳುತ್ತಿದ್ದೇನೆ. ಮಸ್ಕಿಯಲ್ಲಿ ನಮ್ಮದು ಖರಾದಿ ಮನೆ. ಖರಾದಿ ಅಂದರೆ ಕಟ್ಟಿಗೆಯನ್ನು ಗರಗರ ತಿರುಗಿಸುತ್ತ ಉಳಿಯಿಂದ ಕೆತ್ತುವವನು. ಅಪ್ಪ ಬಗರಿ, ಗಿಲಕಿ, ತೊಟ್ಟಿಲಿಗೆ ಕಟ್ಟುವ ಗಿಳಿ ಎಲ್ಲ ಮಾಡಿ ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಸಂತೆಗಳಲ್ಲಿ ಮಾರುತ್ತಿದ್ದ. ನೀವು ಪುಸ್ತಕದಲ್ಲಿ ಬುಗುರಿ ಎಂದು ಓದುತ್ತೀರಲ್ಲ, ಅದೇ ನಮ್ಮ ಬಗರಿ. ಕಾಲುವೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದ ಕ್ಯಾಂಪಿನ ಮಕ್ಕಳಿಗೆ ಅದು ಬೊಂಗರಂ. ಮುಸ್ಲಿಮರ ಓಣಿಯಲ್ಲಿ ಲಟ್ಟು. ಹೆಸರು ಏನೇ ಇರಲಿ, ಸುತ್ತಲಿನ ಊರುಗಳಲ್ಲೆಲ್ಲ ತಿರುಗುತ್ತಿದ್ದದ್ದು ಅಪ್ಪನ ಕೈಯ ಮಾಲು.

ಅಪ್ಪ ಅಂಗಳದ ಚಪ್ಪರದ ಕೆಳಗೆ ನೆಲದ ಮೇಲೆಯೇ ಕೂತು ಕೆಲಸ ಮಾಡುತ್ತಿದ್ದ. ಎರಡು ಗೂಟಗಳ ನಡುವೆ ಕಟ್ಟಿಗೆಯ ತುಂಡು. ಅದಕ್ಕೆ ಬಿಲ್ಲಿನ ಹುರಿ ಸುತ್ತಿ ಬಲಗೈಯಿಂದ ಹಿಂದೆ ಮುಂದೆ ಎಳೆಯುತ್ತಿದ್ದ. ಎಡಗೈಯಲ್ಲಿ ಉಳಿ, ಆ ಉಳಿ ಸರಿಯದಂತೆ ಒತ್ತಿ ಹಿಡಿಯಲು ಕಾಲಿನ ಹೆಬ್ಬೆರಳು. ಸುರುಳಿ ಸುರುಳಿ ಹೊಟ್ಟು ಹಾರಿ ನನ್ನ ತಲೆಯ ಮೇಲೆ ಬೀಳುತ್ತಿತ್ತು. ಆಮೇಲೆ ಕೆಂಪು, ಹಸಿರು ಅರಗಿನ ಕಡ್ಡಿಯನ್ನು ತಿರುಗುವ ಬಗರಿಗೆ ಒತ್ತಿದರೆ ಅರಗು ಕರಗಿ ಬಣ್ಣ ಹತ್ತಿಕೊಳ್ಳುತ್ತಿತ್ತು. ಆ ವಾಸನೆಯನ್ನು ನಿಮಗೆ ಹೇಗೆ ಹೇಳಲಿ? ಸುಟ್ಟ ಬೆಲ್ಲಕ್ಕೆ ಒಂದಿಷ್ಟು ಹೊಗೆ ಬೆರೆಸಿದ ಹಾಗೆ. ಅವ್ವ ಒಣಗಿದ ತಾಳೆಗರಿಯಿಂದ ಉಜ್ಜಿ ಉಜ್ಜಿ ಹೊಳಪು ತರುತ್ತಿದ್ದಳು.

ಕೊನೆಗೆ ಮೊಳೆ. ಅದನ್ನು ಅಪ್ಪ ಯಾರ ಕೈಗೂ ಕೊಡುತ್ತಿರಲಿಲ್ಲ. ಕೆಂಡದಲ್ಲಿ ಕಾಯಿಸಿದ ದಬ್ಬಳದಿಂದ ಬಗರಿಯ ತುದಿಗೆ ನೆಟ್ಟಗೆ ಒಂದು ತೂತು ಸುಟ್ಟು, ಅದರೊಳಗೆ ಮೊಳೆ ಬಡಿದು, ಕಲ್ಲಿಗೆ ತಿಕ್ಕಿ ಚೂಪು ಮಾಡುತ್ತಿದ್ದ. ಮೊಳೆ ಎಳ್ಳುಕಾಳಿನಷ್ಟು ಸೊಟ್ಟಾದರೂ ಬಗರಿ ಹೊಯ್ದಾಡುತ್ತದೆ. ಅಂಥದ್ದು ಬಂತೋ, "ಒಲಿಗೆ ಹಾಕು" ಎನ್ನುತ್ತಿದ್ದ. "ನನಗರ ಕೊಡು" ಎಂದು ಅತ್ತರೂ ಕೊಡುತ್ತಿರಲಿಲ್ಲ. "ಇದು ಯಾರ ಕೈಯಾಗರ ಸಿಕ್ತಂದ್ರ ನನ್ನ ಹೆಸರು ಹೇಳ್ತಾರ" ಎನ್ನುವುದೊಂದೇ ಮಾತು. ಸಂತೆಯಲ್ಲೂ ಅಷ್ಟೇ. ಕೊಳ್ಳಲು ಬಂದ ಮಗುವಿಗೆ ಅಂಗೈ ಚಾಚು ಎಂದು ಹೇಳಿ, ತಿರುಗುವ ಬಗರಿಯನ್ನು ಆ ಅಂಗೈ ಮೇಲೆಯೇ ಇಡುತ್ತಿದ್ದ. ಕಚಗುಳಿಯಾಗಿ ಮಗು ಕಿಲಕಿಲ ನಗಬೇಕು, ಬಗರಿ ಮಾತ್ರ ಅಲುಗಬಾರದು. ಆಮೇಲೆಯೇ ವ್ಯಾಪಾರ.

ಇಂಥ ಮನೆಯ ಹುಡುಗನ ಜೊತೆ ಆಡಲು ಊರಿನ ಮಕ್ಕಳು ಜಗಳಾಡುತ್ತಾರೆ ಎಂದುಕೊಂಡಿರಾ? ಒಬ್ಬನೂ ಸೇರಿಸಿಕೊಳ್ಳುತ್ತಿರಲಿಲ್ಲ. ನಡೆಯಲು ಕಲಿತಾಗಿನಿಂದ ಬಗರಿ ಬಿಟ್ಟವನು ನಾನು, ಹಾಗಾಗಿ ಆಡಿದಾಗೆಲ್ಲ ಗೆದ್ದೆ. ಅದೇ ತಪ್ಪಾಯಿತು. ನಮ್ಮ ಆಟ ಹೇಗೆಂದರೆ, ಎಲ್ಲರೂ ಒಮ್ಮೆಗೇ ಬಗರಿ ಬಿಡಬೇಕು. ಯಾರದು ಮೊದಲು ಬೀಳುತ್ತದೋ ಅದನ್ನು ನೆಲದಲ್ಲಿ ಎಳೆದ ದುಂಡನೆಯ ಗೆರೆಯ ನಡುವೆ ಇಡಬೇಕು. ಉಳಿದವರು ತಮ್ಮ ಬಗರಿಯ ಮೊಳೆಯಿಂದ ಅದಕ್ಕೆ ಹೊಡೆಯುತ್ತಾರೆ. ಆ ಏಟಿಗೆ ಗುನ್ನ ಎನ್ನುತ್ತಿದ್ದೆವು. ಗುನ್ನ ಬಿದ್ದು ಬಿದ್ದು ಎಷ್ಟೋ ಬಗರಿಗಳು ಸೀಳಿ ಹೋಗುತ್ತಿದ್ದವು. ಎಣ್ಣೆ ಗಾಣದ ಮನೆಯ ಹುಡುಗ ನಮ್ಮ ಓಣಿಯ ಮುಂದಾಳು. ಒಂದು ದಿನ ಅವನ ಬಗರಿ ನನ್ನ ಗುನ್ನಕ್ಕೆ ಒಡೆಯಿತು. ಅವನು ನನ್ನ ಎದೆಗೆ ಕೈ ಹಚ್ಚಿ ನೂಕಿದ.

"ನಿಮ್ಮಪ್ಪ ನಿನಗ ಬ್ಯಾರೆ ಬಗರಿ ಮಾಡಿ ಕೊಡ್ತಾನ. ನೀ ನಮ್ಮವನ್ನ ಒಡೀತಿ, ನಾವು ಮತ್ತ ನಿಮ್ಮಪ್ಪನ ಹಂತ್ಯಾಕ ಹೋಗಿ ತರಬೇಕು. ನಾಳಿಂದ ನೀ ಆಟದಾಗ ಬ್ಯಾಡ."

ನನ್ನ ಬಗರಿಯೂ ಸಂತೆಗೆ ಒಯ್ಯುವ ರಾಶಿಯಿಂದಲೇ ಎತ್ತಿಕೊಂಡದ್ದು ಎಂದು ಆಣೆ ಮಾಡಿದೆ. ಬೇಕಾದರೆ ಬಗರಿ ಅದಲು ಬದಲು ಮಾಡೋಣ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಅಕ್ಕ ಇದ್ದಿದ್ದರೆ ನನಗೇನೂ ಅನಿಸುತ್ತಿರಲಿಲ್ಲ, ಅವಳೇ ನನ್ನ ಜೊತೆಗಾರ್ತಿ. ಆದರೆ ಆ ವರ್ಷವೇ ಅವಳನ್ನು ಲಿಂಗಸುಗೂರಿಗೆ ಕೊಟ್ಟು ಮದುವೆ ಮಾಡಿದ್ದರು. ಒಬ್ಬನೇ ಅಂಗಳದಲ್ಲಿ ಎರಡು ಬಗರಿ ಬಿಟ್ಟು, ಒಂದು ನನ್ನದು, ಒಂದು ಅಕ್ಕನದು ಎಂದುಕೊಂಡು ಇಬ್ಬರ ಪರವಾಗಿಯೂ ಕೂಗಾಡುತ್ತಿದ್ದೆ. ಒಮ್ಮೊಮ್ಮೆ ಅಪ್ಪ ಬಿಲ್ಲು ಎಳೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಬೀದಿಯಿಂದ ಹುಡುಗರ ಹೋ ಎಂಬ ಗದ್ದಲ ಕೇಳುತ್ತಿತ್ತು. ಆ ಗದ್ದಲ ಕೇಳಿದಾಗ ನನಗೆ ಊಟ ಸೇರುತ್ತಿರಲಿಲ್ಲ.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಗೆಲ್ಲುತ್ತೇನೆಂದೇ ಬೇಡ ಎನ್ನುತ್ತಾರಲ್ಲವೇ? ಸೋತರೆ? ಬೇಕೆಂದೇ ಕೆಟ್ಟದಾಗಿ ಬಿಟ್ಟು ಸೋಲಬಹುದಿತ್ತು, ಆದರೆ ಅವರೇನು ಕುರುಡರೇ, ಗೊತ್ತಾಗಿಬಿಡುತ್ತಿತ್ತು. ಬಗರಿಯೇ ಸೋಲಬೇಕು. ಮಸ್ಕಿ ಸಂತೆಯ ದಿನ ಬೆಳಿಗ್ಗೆ ಅಪ್ಪ ಚೀಲ ಹೊತ್ತು ಹೋದದ್ದೇ ತಡ, ಒಂದು ಕೆಂಪು ಬಗರಿ ಎತ್ತಿಕೊಂಡೆ. ಇಕ್ಕಳ ಹಾಕಿ ಮೊಳೆ ಕಿತ್ತೆ. ಅಪ್ಪ ಸುಟ್ಟ ನೆಟ್ಟನೆಯ ತೂತಿನ ಪಕ್ಕದಲ್ಲಿ, ಓರೆಯಾಗಿ, ಕಲ್ಲಿನಿಂದ ಬಡಿದು ಬಡಿದು ಅದನ್ನು ಕೂಡಿಸಿದೆ. ಹಳೆಯ ತೂತಿಗೆ ಒಂದು ಚೂರು ಅರಗು ಮೆತ್ತಿದೆ. ಬೆರಳು ಜಜ್ಜಿ ರಕ್ತ ಬಂತು, ಬಾಯಲ್ಲಿಟ್ಟುಕೊಂಡು ಚೀಪುತ್ತ ಓಡಿದೆ.

"ಇವತ್ತೊಂದ್ ಆಟ ಆಡಸ್ರಲೇ" ಎಂದು ಬೇಡಿಕೊಂಡೆ. ಬಗರಿಯನ್ನು ಅವರ ಕೈಗೇ ಕೊಟ್ಟೆ. ಗಾಣದ ಮನೆಯ ಹುಡುಗ ಬಿಟ್ಟು ನೋಡಿದ. ಅದು ಕುಡಿದವರ ಹಾಗೆ ತೂರಾಡಿ ಹೋಗಿ ಚರಂಡಿಯ ಅಂಚಿಗೆ ಬಿತ್ತು. ಅವನ ಮುಖ ಅರಳಿತು ನೋಡಿ! "ಬಾರಲೇ, ಬಾ ಬಾ" ಎಂದ.

ಎಷ್ಟು ದಿನಗಳ ಮೇಲೆ ಕೇಳಿದ ಮಾತು ಅದು. ಬಗರಿ ಬಿಟ್ಟೆವು, ನನ್ನದೇ ಮೊದಲು ಬಿತ್ತು. ಗೆರೆಯ ನಡುವೆ ಇಟ್ಟರು. ಒಂದು ಗುನ್ನಕ್ಕೆ ಅರಗು ಹಾರಿತು, ಎರಡನೆಯದಕ್ಕೆ ಬಿರುಕು, ನಾಲ್ಕನೆಯದಕ್ಕೆ ಉದ್ದಕ್ಕೆ ಸೀಳಿ ಎರಡು ಹೋಳಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಹಾಗೆ. ಹುಡುಗರು ಕುಣಿದಾಡಿದರು. ನಾನೂ ಕುಣಿದೆ, ಏನು ಮಾಡಲಿ, ಖುಷಿ ತಡೆಯಲಾಗಲಿಲ್ಲ. ಗಾಣದ ಮನೆಯ ಹುಡುಗ ನನ್ನ ಹೆಗಲ ಮೇಲೆ ಕೈ ಹಾಕಿದ. ಅವನ ಅಂಗಿಗೆ ಕುಸುಬಿ ಎಣ್ಣೆಯ ವಾಸನೆ ಇತ್ತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವನು ಎರಡು ಹೋಳುಗಳನ್ನು ಎತ್ತಿಕೊಂಡು, "ನಡೀರಲೇ, ಬಗರಿ ಕಾಕಾಗ ತೋರ್ಸೋಣು" ಎಂದ. ಬಗರಿ ಕಾಕಾ ಎಂದರೆ ನಮ್ಮಪ್ಪನೇ. ಬೇಡ ಎನ್ನದೆ ಅವರ ಜೊತೆ ನಡೆದೆ. ಬೇಡ ಎಂದರೆ ಯಾಕೆ ಎನ್ನುತ್ತಾರೆ.

ಸಂತೆಯಲ್ಲಿ ಮೆಣಸಿನಕಾಯಿಯ ಘಾಟು, ಜೋಳದ ಧೂಳು, ಬಸ್ಸಿನ ಹಾರ್ನು. ಅಪ್ಪ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಬಗರಿಗಳನ್ನು ಸಾಲಾಗಿ ಇಟ್ಟಿದ್ದ. ಮುಂದೆ ಕ್ಯಾಂಪಿನ ರೈತರೊಬ್ಬರು ತಮ್ಮ ಮಕ್ಕಳಿಗೆಂದು ಐದಾರು ಬಗರಿ ಆರಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಗಾಣದ ಮನೆಯ ಹುಡುಗ ಎಲ್ಲರಿಗೂ ಕೇಳುವ ಹಾಗೆ ಕೂಗಿದ.

"ಏ ಕಾಕಾ, ನಿನ್ನ ಬಗರಿ ನೋಡಿಲ್ಲೆ! ಎರಡ್ ಸುತ್ತೂ ನಿಲ್ಲಲಿಲ್ಲ, ಹೊಯ್ದಾಡಿ ಬಿತ್ತು. ನಿನ್ನ ಮಗನ ಕೈಯಾಗಿಂದ ಐತಿ ಮತ್ತ!"

ಜನ ನಕ್ಕರು. ಪಕ್ಕದ ಬಳೆಗಾರನೂ ನಕ್ಕ. ಅಪ್ಪ ಕೈ ಚಾಚಿ ಹೋಳುಗಳನ್ನು ಇಸಿದುಕೊಂಡ. ಮುಖದಲ್ಲಿ ಸಿಟ್ಟಿತ್ತು, ತನ್ನ ಮಾಲಲ್ಲ ಎಂದು ಹೇಳಲು ಬಾಯಿ ತೆರೆದಿದ್ದ. ಆಮೇಲೆ ಸೀಳಿನೊಳಗೆ ನೋಡಿದ. ಒಳಗೆ ಎರಡು ತೂತು. ಒಂದು ಸುಟ್ಟು ಕಪ್ಪಾದ, ನೆಟ್ಟಗಿನ ತೂತು, ಅವನದು. ಇನ್ನೊಂದು ಬಿಳಿ ಕಟ್ಟಿಗೆ ಕಾಣುವ ಸೊಟ್ಟ ತೂತು. ಅವನ ಹೆಬ್ಬೆರಳು ಅದರ ಮೇಲೆ ಒಂದು ಸಲ ಆಡಿತು. ತಲೆ ಎತ್ತಿ ನನ್ನನ್ನು ನೋಡಿದ. ನನ್ನ ಜಜ್ಜಿದ ಬೆರಳನ್ನು ನೋಡಿದ. ಆಮೇಲೆ ನನ್ನ ಹೆಗಲ ಮೇಲಿದ್ದ ಆ ಹುಡುಗನ ಕೈಯನ್ನು ನೋಡಿದ.

ನಾನು ಹೇಳಬೇಕಿತ್ತು. ಹೇಳಿದರೆ ಆ ಕೈ ಹೆಗಲಿನಿಂದ ಇಳಿಯುತ್ತಿತ್ತು. ಜಜ್ಜಿದ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ನೆಲ ನೋಡುತ್ತ ನಿಂತೆ.

"ಹೌದಪಾ," ಎಂದ ಅಪ್ಪ. "ನನ್ನ ಕೈತಪ್ಪು ಇದು. ಮೊಳಿ ನಾನ ಸೊಟ್ಟ ಹೊಡದೀನಿ. ನೀವು ಖರೇನ ಗೆದ್ದೀರಿ."

ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ನಾನು ಆ ಮಾತು ಕೇಳಿರಲಿಲ್ಲ. ಕ್ಯಾಂಪಿನ ರೈತರು ಮಡಿಲಲ್ಲಿದ್ದ ಬಗರಿಗಳನ್ನು ಒಂದೊಂದಾಗಿ ಗೋಣಿಯ ಮೇಲೆ ಇಟ್ಟು ಎದ್ದು ಹೋದರು. ಅಂಗೈ ಚಾಚಿ ನಿಂತಿದ್ದ ಅವರ ಸಣ್ಣ ಮಗಳನ್ನೂ ಎಳೆದುಕೊಂಡು ಹೋದರು. ಅಪ್ಪ ಗೆದ್ದ ಹುಡುಗನಿಗೆ ಒಂದು ಹೊಸ ಬಗರಿ ಕೊಟ್ಟ. ನನಗೂ ಒಂದು ಕೊಟ್ಟು, "ಹೋಗು, ಕರಿಯಾಕತ್ತಾರ ನೋಡು" ಎಂದ. ನಾನು ಹೋದೆ. ಬೈಯಿರಿ ಬೇಕಾದರೆ, ಓಡಿಯೇ ಹೋದೆ. ಹೊತ್ತು ಮುಳುಗುವವರೆಗೆ ಆಡಿದೆ. ಅಪ್ಪ ತುಂಬಿದ ಚೀಲವನ್ನು ಒಬ್ಬನೇ ಹೊತ್ತುಕೊಂಡು ಬಂದ.

"ಚೀಲ ಯಾಕ ಇಷ್ಟ್ ವಜ್ಜಿ ಐತಿ?" ಎಂದು ಅವ್ವ ಕೇಳಿದಳು. "ಇವತ್ತ ಗಿರಾಕಿ ಕಡಿಮಿ" ಎಂದ. ರೊಟ್ಟಿ ತಿನ್ನುವಾಗ ನನ್ನ ಕಡೆ ತಿರುಗದೆಯೇ, "ನಾಳಿನೂ ಆಡಾಕ ಬಾ ಅಂದಾರೇನು?" ಎಂದು ಕೇಳಿದ. ಹೂಂ ಎಂದೆ. "ಛಲೋ ಆತು ಬಿಡು" ಎಂದು ಕೈ ತೊಳೆಯಲು ಎದ್ದ.

ಸೊಟ್ಟ ಮೊಳೆ ಖರಾದಿ ಎಂಬ ಹೆಸರು ಮಸ್ಕಿಯಲ್ಲಿ ಅಪ್ಪನಿಗೆ ಅಂಟಿತು. ಬಗರಿ ಕೊಳ್ಳುವವರು ಮೊದಲು ಮೊಳೆಯನ್ನೇ ನೋಡಿ, ನೆಟ್ಟಗೈತೇನು ಎಂದು ಅನುಮಾನದಿಂದ ಕೇಳುತ್ತಿದ್ದರು. ಅವನು ಒಂದಕ್ಕೆ ಮೂರು ಸಲ ತಿರುಗಿಸಿ ತೋರಿಸುತ್ತಿದ್ದ. ಬರಬರುತ್ತ ಮಸ್ಕಿ ಸಂತೆಗೆ ಹೋಗುವುದನ್ನೇ ಬಿಟ್ಟು ಬರೀ ಸಿಂಧನೂರು, ಲಿಂಗಸುಗೂರಿಗೆ ಹೋಗತೊಡಗಿದ. ಒಮ್ಮೆ ಅಕ್ಕನ ಮನೆಗೆ ಬಸ್ಸಿನಲ್ಲಿ ಹೋಗುವಾಗ ಧೈರ್ಯ ಮಾಡಿ, "ಯಪ್ಪಾ, ಆ ಬಗರಿ..." ಎಂದೆ. ಅವನು ಕಿಟಕಿಯ ಹೊರಗೆ ನೋಡುತ್ತ, "ಅಕ್ಕನ ಕೂಸಿಗೆ ಗಿಲಕಿ ತಗೊಂಡಿಯಿಲ್ಲೋ?" ಎಂದ. ನಾನು ಚೀಲದಿಂದ ಗಿಲಕಿ ತೆಗೆದು ತೋರಿಸಿದೆ. ಮುಂದೆ ಪ್ಲಾಸ್ಟಿಕ್ಕಿನ ಮಾಲು ಬಂತು, ಅಪ್ಪನ ಬಿಲ್ಲು ನಿಂತಿತು, ಅಪ್ಪನೂ ಹೋದ. ನಾನು ಹೇಳಲೇ ಇಲ್ಲ.

ಈಗ ಸಿಂಧನೂರಿನ ಈ ಮನೆಯಲ್ಲಿ ನೀವು ಆಡುವುದನ್ನು ನೋಡುತ್ತೇನೆ. ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲು ಹಿಡಿದು ಕೂತಿರುತ್ತೀರಿ. ಆ ಆಟ ಮಾಡಿದವರು ಯಾರು ಎಂದರೆ ನಿಮಗೆ ಗೊತ್ತಿಲ್ಲ. ನಮ್ಮ ಬಗರಿ ಯಾರು ಮಾಡಿದ್ದೆಂದು ನಮಗೆ ಗೊತ್ತಿತ್ತು, ಬೇಕಾದರೆ ಅವರ ಮುಂದೆ ಹೋಗಿ ನಿಂತು ಬೈಯಬಹುದಿತ್ತು. ಮೊನ್ನೆ ನಿಮ್ಮಲ್ಲಿ ಒಬ್ಬ ಸೋತಾಗ ಪರದೆಯ ಮೇಲೆ "ಮತ್ತೆ ಆಡು" ಎಂದು ಬಂತು. ಗೆದ್ದವನಿಗೂ ಅದೇ ಬಂತು. ನೀ ಬ್ಯಾಡ ಎಂದು ಅದು ಯಾರಿಗೂ ಹೇಳುವುದಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ನಮ್ಮ ಕಾಲದಲ್ಲಿ ಆಟಕ್ಕೆ ಸೇರಬೇಕಾದರೆ ಇನ್ನೊಂದು ಮಗು ಬಾಯಿ ಬಿಟ್ಟು ಬಾ ಅನ್ನಬೇಕಿತ್ತು. ಆ ಒಂದು ಬಾ ಎಂಬ ಮಾತಿಗೆ ನಾನು ಅಪ್ಪನ ಹೆಸರನ್ನೇ ಕೊಟ್ಟುಬಿಟ್ಟೆ. ಅಪ್ಪನಿಗೆ ಎಲ್ಲ ತಿಳಿದಿತ್ತು ಮಕ್ಕಳೇ. ತಿಳಿದೂ, ಅಷ್ಟು ಜನರ ಮುಂದೆ ತನ್ನ ಹೆಸರನ್ನು ತಾನೇ ಎತ್ತಿ ಕೊಟ್ಟ.