ಅಟ್ಟಕ್ಕೆ ಹಾಸಿದ ಕದ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಚಿಕ್ಕವಳಿದ್ದಾಗ ಬಾಗೇವಾಡಿಯ ನಮ್ಮ ಅಡುಗೆಮನೆಯಲ್ಲಿ ಅಂಗಾತ ಮಲಗಿ, ಅಟ್ಟದ ಹಲಗೆಯಲ್ಲಿ ಮಸಿ ಮೆತ್ತಿದ ಒಂದು ಹೂವನ್ನು ನೋಡುತ್ತಿದ್ದೆ ಎಂದು ನನ್ನ ನೆನಪು. ಹೋದ ಬೇಸಿಗೆಯಲ್ಲಿ ಆ ಹಲಗೆಯನ್ನು ಕೈಯಲ್ಲಿ ಹಿಡಿದ ಮೇಲೆ ಹುಟ್ಟಿಕೊಂಡ ನೆನಪೂ ಇದ್ದೀತು.

ಅಟ್ಟಕ್ಕೆ ಗೆದ್ದಲು ಹತ್ತಿತ್ತು. ತೊಗರಿಬೇಳೆಯ ಡಬ್ಬಿ ಇಳಿಸಲು ಹತ್ತಿದ ಅವ್ವನ ಕಾಲು ಒಂದು ಹಲಗೆಯೊಳಗೆ ಮೊಣಕಾಲಿನವರೆಗೆ ಇಳಿಯಿತು. ಜಂತಿ ಹಿಡಿದುಕೊಂಡಿದ್ದರಿಂದ ಬಚಾವಾದಳು. ನಾನು ಬಡಿಗರನ್ನು ಕರೆಸಿದೆ. ಅಟ್ಟ ಪೂರಾ ಬಿಚ್ಚಿ ಹೊಸ ಹಲಗೆ ಹಾಕುವುದೆಂದು ಮಾತಾಯಿತು.

ಅವರು ಮೇಲಿನಿಂದ ಮೀಟಿ ಕೊಟ್ಟದ್ದನ್ನು ನಾನು ಇಸಿದುಕೊಂಡು ಅಂಗಳದಲ್ಲಿ ಒಟ್ಟುತ್ತಿದ್ದೆ. ಬೇವಿನ ಹಲಗೆಗಳ ನಡುವೆ ಸಾಗುವಾನಿಯದೊಂದು ಬಂತು. ಅಗಲ, ವಿಪರೀತ ಭಾರ. ಒಂದು ಅಂಚು ಹುಡಿಯಾಗಿತ್ತು. ಕೆಳಮುಖದ ಮಸಿ ಒರೆಸಿದರೆ ಕೆತ್ತಿದ ಹೂವು, ಪಕ್ಕದಲ್ಲಿ ಚಿಲಕದ ತೂತು.

“ಇದು ಹಲಗಿ ಅಲ್ರಿ ಅಕ್ಕಾರ, ಕದ,” ಎಂದರು ಬಡಿಗರು. “ವರಲಿ ತಿಂದೈತಿ. ನೀರ ಕಾಸಾಕ ಆಕ್ಕೈತಿ ನೋಡ್ರಿ.”

ಒಳಗಿನಿಂದ ಅವ್ವ ಬಂದಳು. “ನಿನ್ನ ಮನಿ ಕದಾ ಹಾಕಿ ಕಾಸ್ಕೊ ಹೋಗೋ ತಮ್ಮಾ! ಅದು ನನ್ನ ತವರಮನೀದು. ಎಲ್ಲಿತ್ತೋ ಅಲ್ಲೇ ಬಡಿ.”

ಅವ್ವನ ತವರು ನಿಡಗುಂದಿ ಕಡೆಯ ಹಳ್ಳಿ. ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ನೀರು ಬರುವ ಮುಂಚೆ ಅಲ್ಲಿಯವರು ತಮ್ಮ ಮನೆಗಳನ್ನು ತಾವೇ ಬಿಚ್ಚಿ ತೊಲೆ, ಕಂಬ, ಕದಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋದರು. ಅವ್ವನ ತವರಿನ ಒಂದು ಕದವನ್ನು ಅಪ್ಪ ನಮ್ಮ ಮನೆಗೆ ತಂದಿದ್ದನೆಂದು ನನಗೆ ತಿಳಿದದ್ದು ಅವತ್ತೇ.

“ಮತ್ತ ಕಾಲ ಸಿಗಬೀಳತೈತಿ ಬೇ. ತೊಳದು ಗ್ವಾಡಿಗೆ ಒರಗಿಸಿ ಇಡೂಣು,” ಎಂದೆ.

“ಗ್ವಾಡಿಗಿಟ್ಟರ ಬಂದಾವ್ರೆಲ್ಲಾ ಕೇಳ್ತಾರ. ಊರ ಮುಳುಗಿದ ಕತಿ ಎಷ್ಟ ಮಂದಿಗೆ ಹೇಳ್ಕೊಂತ ಕುಂಡ್ರಲಿ?”

ಕೊನೆಗೆ ಹೊಸ ಹಲಗೆಗಳನ್ನು ಹಾಸಿ, ಅವುಗಳ ಅಡಿಗೆ, ಒಲೆಯ ನೇರಕ್ಕೆ, ಕದವನ್ನು ಮೊಳೆ ಹೊಡೆಸಿ ಕೂರಿಸಿದೆವು. ಬಡಿಗರು ಗೊಣಗುತ್ತಲೇ ಹುಡಿಯಾದ ಅಂಚು ಕೊಯ್ದು, ಮತ್ತೆ ಗೆದ್ದಲು ಹತ್ತದಂತೆ ಹಳೆ ಎಂಜಿನ್ ಆಯಿಲ್ ಬಳಿದರು. ಕೆಲವು ದಿನ ರೊಟ್ಟಿಗೂ ಆಯಿಲಿನ ವಾಸನೆ. ಅವ್ವ ಅದನ್ನೇ ತಿಂದಳು.

ನಮ್ಮಲ್ಲಿ ದಿನವೂ ಹೊಸ್ತಿಲು ತೊಳೆದು, ಬಾಗಿಲಿಗೆ ಅರಿಶಿಣ ಕುಂಕುಮ ಹಚ್ಚುತ್ತಾರೆ. ಕದವನ್ನು ಯಾರೂ ಕಾಲಡಿ ಹಾಕುವುದಿಲ್ಲ. ಅಪ್ಪನಿಗಿದು ಗೊತ್ತಿರದೆ ಇರಲಿಲ್ಲ. ಕಟ್ಟಿಗೆ ಕಡಿಮೆ ಬಿದ್ದು ಹಾಸಿದನೆಂದು ಒಮ್ಮೆ ಅನಿಸುತ್ತದೆ. ಹಾಗಲ್ಲ, ಅವ್ವ ದಿನಕ್ಕೊಮ್ಮೆ ತಲೆಯೆತ್ತಿದರೆ ತವರು ಕಾಣಲಿ ಎಂದಿರಬೇಕು ಅಂತಲೂ ಅನಿಸುತ್ತದೆ. ಎರಡನೆಯದು ನನಗೆ ಇಷ್ಟವಾಗುತ್ತದೆ, ಅದಕ್ಕೇ ಅದರ ಮೇಲೆ ಅನುಮಾನ. ಕೇಳೋಣವೆಂದರೆ ಅಪ್ಪ ಈಗಿಲ್ಲ.

ಒಂದು ಮುಂಜಾನೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಅವಳನ್ನೇ ಕೇಳಿದೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು, ನೀರು ಕೇಳಿದಳು, ಕೊಟ್ಟೆ. ನಾನು ಕೇಳಿದ್ದು ಇಷ್ಟೇ:

“ಯವ್ವಾ, ಒಲಿ ಮ್ಯಾಲೇ ಬಡಿ ಅಂತ ಅಪ್ಪಗ ನೀನ ಹೇಳಿದ್ದೇನು, ಇಲ್ಲಾ ಅವನ ತಿಳಕೊಂಡು ಮಾಡಿದ್ನೇನು?”